ಸಂಕೇತ ಸಂಖ್ಯೆಯ ಸೀಸೆಗಳು: ಆಕರಕೋಶ ವಿಷವಿಜ್ಞಾನಿಗಳ ಬಳಗ ಬೆಳೆದ ಬಗೆ

ನೋಂದಣಿಯಾದ ವರ್ಷ, ಮೊದಲ ಅಧ್ಯಕ್ಷರು, ಕಟ್ಟಡಕ್ಕೆ ಕಲ್ಲು ಹಾಕಿದ ದಿನ, ಇವುಗಳಿಂದ ಶುರು ಮಾಡುವುದು ಸ್ಮರಣ ಸಂಚಿಕೆಗಳ ವಾಡಿಕೆ. ಆಕರಕೋಶ, ಅಂದರೆ ಲ್ಯಾಬಿನಲ್ಲಿ ನಾವೆಲ್ಲ ಸ್ಟೆಮ್ ಸೆಲ್ ಎನ್ನುವ ಕೋಶಗಳನ್ನು ಇಟ್ಟುಕೊಂಡು ರಾಸಾಯನಿಕಗಳ ವಿಷಗುಣ ಅಳೆಯುವವರ ಚರಿತ್ರೆಯನ್ನು ಹಾಗೆ ಬರೆಯಲು ಬರುವುದಿಲ್ಲ. ಒಬ್ಬ ಸ್ಥಾಪಕರಿಲ್ಲ, ಒಂದು ಕಚೇರಿಯೂ ಇಲ್ಲ. ನನ್ನ ಎಣಿಕೆಯಲ್ಲಿ ಇವರು ಒಂದು ಬಳಗವಾದದ್ದು 1990ರ ದಶಕದ ಕೊನೆಯಲ್ಲಿ, 20 ರಾಸಾಯನಿಕಗಳನ್ನು ಹೆಸರಿಲ್ಲದ, ಬರೀ ಸಂಕೇತ ಸಂಖ್ಯೆ ಅಂಟಿಸಿದ ಸೀಸೆಗಳಲ್ಲಿ ತುಂಬಿ ನಾಲ್ಕು ಲ್ಯಾಬುಗಳಿಗೆ ಪರೀಕ್ಷೆಗೆ ಕೊಟ್ಟಾಗ. ಒಳಗೇನಿದೆ ಎಂದು ಪರೀಕ್ಷಿಸುವವರಿಗೆ ಗೊತ್ತಿರಲಿಲ್ಲ. ನಾಲ್ಕು ಕಡೆಯ ಉತ್ತರವನ್ನೂ ಒಟ್ಟಿಗೆ ಇಟ್ಟು ನೋಡುವುದು, ತಪ್ಪಿದ್ದರೆ ತಪ್ಪೆಂದೇ ಅಚ್ಚು ಹಾಕಿಸುವುದು ಎಂಬ ಒಪ್ಪಂದದ ಮೇಲೆ ಕೆಲಸ ನಡೆಯಿತು. ಮುಂದಿನದೆಲ್ಲ ಆ ಒಪ್ಪಂದದ ವಿಸ್ತರಣೆ.

ಇಂಥ ಪರೀಕ್ಷೆ ಏಕೆ ಬೇಕಾಯಿತು ಎಂಬುದು ಹೆಚ್ಚಿನವರಿಗೆ ಗೊತ್ತಿರುವ ಕಥೆ. 1957ರಲ್ಲಿ ಪಶ್ಚಿಮ ಜರ್ಮನಿಯ ಪೇಟೆಗೆ ಬಂದ ಥಾಲಿಡೊಮೈಡ್ ಮಾತ್ರೆಯನ್ನು ಬಸುರಿಯರೂ ನಿದ್ದೆಗೆಂದು, ವಾಕರಿಕೆಗೆಂದು ನುಂಗಿದರು. ಹ್ಯಾಂಬರ್ಗಿನ ವಿಡುಕಿಂಡ್ ಲೆಂಜ್, ಆಸ್ಟ್ರೇಲಿಯಾದ ವಿಲಿಯಂ ಮೆಕ್‌ಬ್ರೈಡ್ ಎಚ್ಚರಿಸಿ, 1961ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಮಾತ್ರೆ ಹಿಂದಕ್ಕೆ ಹೋಗುವ ಹೊತ್ತಿಗೆ ಸಾವಿರಾರು ಶಿಶುಗಳು ಕೈಕಾಲು ಬೆಳೆಯದೆ ಹುಟ್ಟಿದ್ದವು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಅನುಮತಿಗೆ ಸಹಿ ಹಾಕದೆ ಉಳಿದದ್ದರಿಂದ ಆ ದೇಶ ಬಹುಮಟ್ಟಿಗೆ ಪಾರಾಯಿತು. ಮೊಲಕ್ಕೆ ಕೆಡುಕು ಮಾಡುವ ಈ ಔಷಧ ಇಲಿಗಳ ಭ್ರೂಣಕ್ಕೆ ಅಂಥ ಹಾನಿ ಮಾಡುವುದಿಲ್ಲ. ಅಲ್ಲಿಂದಾಚೆಗೆ ಗರ್ಭ ಧರಿಸಿದ ಪ್ರಾಣಿಗಳ ಮೇಲೆ, ಒಂದಕ್ಕಿಂತ ಹೆಚ್ಚು ಜಾತಿಯಲ್ಲಿ ಪರೀಕ್ಷಿಸುವುದು ಕಡ್ಡಾಯವಾಯಿತು. ಒಂದೊಂದು ರಾಸಾಯನಿಕಕ್ಕೂ ನೂರಾರು ಪ್ರಾಣಿ, ತಿಂಗಳುಗಟ್ಟಲೆ ಸಮಯ. ಬಳಕೆಯಲ್ಲಿರುವ ಸಾವಿರಾರು ರಾಸಾಯನಿಕಗಳನ್ನು ಆ ದಾರಿಯಲ್ಲಿ ಪರೀಕ್ಷಿಸಿ ಮುಗಿಸುವುದು ಆಗದ ಮಾತು.

1981ರಲ್ಲಿ ಕೇಂಬ್ರಿಜ್‌ನ ಮಾರ್ಟಿನ್ ಇವಾನ್ಸ್ ಮತ್ತು ಮ್ಯಾಥ್ಯೂ ಕಾಫ್‌ಮನ್, ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೋದ ಗೇಲ್ ಮಾರ್ಟಿನ್, ಮೌಸ್ ಭ್ರೂಣದಿಂದ ಆಕರಕೋಶಗಳನ್ನು ಬೇರ್ಪಡಿಸಿ ಬೆಳೆಸಿದರು. ಯಾವ ಅಂಗಾಂಶವಾಗಿ ಬೇಕಾದರೂ ಬೆಳೆಯಬಲ್ಲ ಕೋಶ ಪ್ಲೇಟಿನಲ್ಲಿ ಸಿಕ್ಕಿತು. ಅದಕ್ಕೆ ಒಂದು ನಿರ್ದಿಷ್ಟ ದಾರಿ ಹಿಡಿಸಿ, ದಿನದ ಲೆಕ್ಕ ತಪ್ಪದಂತೆ ಹೃದಯದ ಕೋಶವಾಗಿಸುವ ಕೈಚಳಕ ಬೆಳೆದ ಸ್ಥಳಗಳಲ್ಲಿ ಮುಖ್ಯವಾದದ್ದು ಪೂರ್ವ ಜರ್ಮನಿಯ ಗಾಟರ್ಸ್‌ಲೆಬೆನ್ ಎಂಬ ಸಣ್ಣ ಊರು. ಬೆಳೆಸಸ್ಯಗಳ ಸಂಶೋಧನೆಗೆ ಹೆಸರಾದ ಅಲ್ಲಿನ ಸಂಸ್ಥೆಯಲ್ಲಿ ಆನಾ ವೋಬಸ್ ಮೌಸ್ ಆಕರಕೋಶಗಳನ್ನು ಸಾಕುತ್ತಿದ್ದರು. ಮಿಡಿಯುವ ಹೃದಯಕೋಶಗಳ ಬಗ್ಗೆ ಅವರ ತಂಡದ ಪ್ರಬಂಧ 1991ರಲ್ಲಿ ಬಂತು. ಅತ್ತ ಪಶ್ಚಿಮ ಬರ್ಲಿನ್‌ನಲ್ಲಿ ಪ್ರಾಣಿ ಪರೀಕ್ಷೆಗೆ ಬದಲಿ ವಿಧಾನ ಹುಡುಕಲೆಂದೇ ಸೆಬೆಟ್ ಎಂಬ ಸರ್ಕಾರಿ ಕೇಂದ್ರ 1989ರಲ್ಲಿ ತೆರೆದಿತ್ತು. ಹಾರ್ಸ್ಟ್ ಸ್ಪೀಲ್‌ಮನ್ ಅದರ ಮುಖ್ಯಸ್ಥರು. ಅದೇ ವರ್ಷ ಬರ್ಲಿನ್ ಗೋಡೆ ಬಿತ್ತು. ಕೋಶ ಸಾಕುವವರ ಅನುಭವ, ವಿಷ ಅಳೆಯುವವರ ಶಿಸ್ತು ಒಂದೇ ಮೇಜಿಗೆ ಬರಲು ಇನ್ನು ಗಡಿಯ ಅಡ್ಡಿ ಇರಲಿಲ್ಲ.

ಹಾಗೆ ರೂಪುಗೊಂಡ ಪರೀಕ್ಷೆಯ ಹೆಸರು ಎಂಬ್ರಿಯಾನಿಕ್ ಸ್ಟೆಮ್ ಸೆಲ್ ಟೆಸ್ಟ್. ಬಳಗದವರ ಬಾಯಲ್ಲಿ ಇಎಸ್‌ಟಿ. ಈ ಕೆಲಸ ಮಾಡದ ಓದುಗರಿಗಾಗಿ ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲ ದಿನ ಪೆಟ್ರಿ ತಟ್ಟೆಯ ಮುಚ್ಚಳದ ಒಳಮೈ ಮೇಲೆ ಪಿಪೆಟ್ಟಿನಿಂದ ಸಾಲಾಗಿ ಹನಿಗಳನ್ನು ಇಡಬೇಕು. ಒಂದೊಂದು ಹನಿ 20 ಮೈಕ್ರೋಲೀಟರ್, ಅದರೊಳಗೆ ಸುಮಾರು 750 ಕೋಶ. ಪರೀಕ್ಷಿಸಬೇಕಾದ ರಾಸಾಯನಿಕವೂ ಆ ಹನಿಯಲ್ಲೇ ಬೆರೆತಿರುತ್ತದೆ. ಬಳಿಕ ಕೈ ಅಲುಗದಂತೆ ಮುಚ್ಚಳವನ್ನು ಒಂದೇ ಸಲಕ್ಕೆ ಮಗುಚಿ ತಟ್ಟೆಯ ಮೇಲೆ ಕೂರಿಸಬೇಕು. ಹೆಂಚಿನ ಅಂಚಿಗೆ ನಿಂತ ಮಳೆಹನಿಗಳಂತೆ ಅವು ತೂಗುತ್ತವೆ. ಕೋಶಗಳು ಹನಿಯ ತುದಿಗೆ ಇಳಿದು, ಒಂದಕ್ಕೊಂದು ಅಂಟಿ, ಮೂರು ದಿನದಲ್ಲಿ ಪುಟ್ಟ ಉಂಡೆಯಾಗುತ್ತವೆ. ಇದು ಎಂಬ್ರಿಯಾಯ್ಡ್ ಬಾಡಿ. ಇನ್ನೆರಡು ದಿನ ದ್ರವದಲ್ಲಿ ತೇಲಿಬಿಟ್ಟು, ಐದನೆಯ ದಿನ 24 ಗುಳಿಗಳ ಪ್ಲೇಟಿನಲ್ಲಿ ಗುಳಿಗೊಂದು ಉಂಡೆ ಹಾಕುತ್ತಾರೆ. ಹತ್ತನೆಯ ದಿನ ಪ್ಲೇಟನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಎಣಿಸುವುದು: ಎಷ್ಟು ಗುಳಿಗಳಲ್ಲಿ ಹೃದಯಕೋಶಗಳು ಮಿಡಿಯುತ್ತಿವೆ? ರಾಸಾಯನಿಕ ಹಾಕದ ಪ್ಲೇಟಿನಲ್ಲೇ 24ಕ್ಕೆ ಕನಿಷ್ಠ 21 ಗುಳಿ ಮಿಡಿಯದಿದ್ದರೆ ಆ ಸಲದ ಪ್ರಯೋಗವೇ ಅಸಿಂಧು.

ಜೊತೆಗೆ ಇನ್ನೆರಡು ಅಳತೆ. ಆಕರಕೋಶಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣ ಎಷ್ಟು? ಬೆಳೆದ ಅಂಗಾಂಶದ ಪ್ರತಿನಿಧಿಯಾಗಿ ಇಟ್ಟುಕೊಂಡ 3ಟಿ3 ಕೋಶಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣ ಎಷ್ಟು? ಎಲ್ಲ ಕೋಶವನ್ನೂ ಒಂದೇ ಪ್ರಮಾಣದಲ್ಲಿ ಕೊಲ್ಲುವುದು ಸಾಮಾನ್ಯ ವಿಷ. ಬೆಳೆದ ಕೋಶಕ್ಕೆ ಏನೂ ಆಗದಷ್ಟು ಕಡಿಮೆ ಪ್ರಮಾಣದಲ್ಲೇ ಮಿಡಿತ ಹುಟ್ಟದಂತೆ ತಡೆಯುವ ರಾಸಾಯನಿಕ ಭ್ರೂಣಕ್ಕೇ ಅಪಾಯಕಾರಿ. ತಾಯಿಗೆ ಏನೂ ಆಗದೆ ಮಗುವಿಗೆ ಮಾತ್ರ ಆದದ್ದೇ ಥಾಲಿಡೊಮೈಡಿನ ಪ್ರಕರಣವಲ್ಲವೇ? ಆ ವ್ಯತ್ಯಾಸವನ್ನೇ ಈ ಮೂರು ಅಂಕಿಗಳು ಹಿಡಿಯಲು ನೋಡುತ್ತವೆ. ಇಷ್ಟು ಸರಳವಾದ ಯೋಚನೆ ಇಷ್ಟು ದೂರ ಬಂದದ್ದು ನನಗೆ ಇಂದಿಗೂ ಮೆಚ್ಚುಗೆಯ ಸಂಗತಿ.

ಸ್ಪೀಲ್‌ಮನ್ ತಂಡ 1997ರಲ್ಲಿ ವಿಧಾನವನ್ನು ಪ್ರಕಟಿಸಿತು. ಇಟಲಿಯ ಇಸ್ಪ್ರಾದಲ್ಲಿ ಯುರೋಪಿಯನ್ ಆಯೋಗ 1991ರಲ್ಲಿ ಸ್ಥಾಪಿಸಿದ್ದ ಎಕ್ವಾಮ್ ಕೇಂದ್ರ ಅದರ ದೃಢೀಕರಣಕ್ಕೆ ಮುಂದಾಯಿತು. ಸಂಕೇತ ಸಂಖ್ಯೆಯ ಸೀಸೆಗಳು ಹಂಚಿಕೆಯಾದದ್ದು ಆಗಲೇ. ಒಂದರಲ್ಲಿ ಪೆನಿಸಿಲಿನ್, ಒಂದರಲ್ಲಿ ಮೂರ್ಛೆರೋಗಕ್ಕೆ ಕೊಡುವ ವಾಲ್ಪ್ರೋಯಿಕ್ ಆಮ್ಲ, ಒಂದರಲ್ಲಿ ಮೆಥೋಟ್ರೆಕ್ಸೇಟ್, ಹೀಗೆ ನಿರಪಾಯದಿಂದ ಕಡು ಅಪಾಯದವರೆಗೆ. ಸಂಕೇತ ಬಿಡಿಸಿ ಲೆಕ್ಕ ಹಾಕಿದಾಗ ಪ್ರಯೋಗಗಳಲ್ಲಿ ಶೇ 78ರಷ್ಟು ಸರಿಯಾದ ವರ್ಗ ಹೇಳಿದ್ದವು. ಭ್ರೂಣಕ್ಕೆ ತೀವ್ರ ಹಾನಿ ಮಾಡುವಂಥವನ್ನು ಗುರುತಿಸುವಲ್ಲಿ ಫಲಿತಾಂಶ ಎಲ್ಲಕ್ಕಿಂತ ಚೆನ್ನಾಗಿತ್ತು.

ನಾಲ್ಕು ಲ್ಯಾಬಿನಲ್ಲಿ ಒಂದೇ ಉತ್ತರ ಬರಿಸುವುದು ಎಷ್ಟು ಕಷ್ಟವೆಂದು ಸೆಲ್ ಕಲ್ಚರ್ ಮಾಡುವವರಿಗೇ ಗೊತ್ತು. ಮೀಡಿಯಾಕ್ಕೆ ಬೆರೆಸುವ ಸೀರಂ ಬರುವುದು ಕರುವಿನ ಭ್ರೂಣದ ರಕ್ತದಿಂದ. ಒಂದು ಬ್ಯಾಚಿನಂತೆ ಇನ್ನೊಂದಿರದು. ಸೀರಂ ಬದಲಾದರೆ ಮಿಡಿತವೇ ಕಾಣಿಸದೆ ಹೋಗಬಹುದು. ಅದಕ್ಕೇ ಹೊಸ ಬ್ಯಾಚನ್ನು ಮೊದಲು ಪರೀಕ್ಷಿಸಿ, ಒಗ್ಗಿದರೆ ಮಾತ್ರ ಕೊಳ್ಳುವ ಪದ್ಧತಿ ಬಂತು. ಹಲವು ಲ್ಯಾಬುಗಳಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದ ಇಂಥ ತಿಳಿವಳಿಕೆಯನ್ನು ಬಳಗ ಬರಹಕ್ಕೆ ಇಳಿಸಿತು. ಬರ್ಲಿನ್‌ನ ಆಂಡ್ರಿಯಾ ಸೈಲರ್ ಮತ್ತು ಸ್ಪೀಲ್‌ಮನ್ 2011ರಲ್ಲಿ ನೇಚರ್ ಪ್ರೋಟೊಕಾಲ್ಸ್ ಪತ್ರಿಕೆಯಲ್ಲಿ ಇಡೀ ಪರೀಕ್ಷೆಯನ್ನು ಹೆಜ್ಜೆ ಹೆಜ್ಜೆಯಾಗಿ ಬರೆದುಕೊಟ್ಟರು.

ಆದರೂ ಇಎಸ್‌ಟಿ ಅಂತರರಾಷ್ಟ್ರೀಯ ಕಡ್ಡಾಯ ಪರೀಕ್ಷೆಯ ಸ್ಥಾನ ಪಡೆಯಲಿಲ್ಲ. ಹೊಸ ಹೊಸ ರಾಸಾಯನಿಕಗಳನ್ನು ಕೊಟ್ಟಂತೆ ಉತ್ತರಗಳು ಮೊದಲಿನಷ್ಟು ಸರಿ ಬರಲಿಲ್ಲ. ಕೋಶ ಮೌಸ್‌ನದು, ನೋಡುವುದು ಹೃದಯವನ್ನು ಮಾತ್ರ, ತಾಯಿಯ ಯಕೃತ್ತು ರಾಸಾಯನಿಕವನ್ನು ಮಾರ್ಪಡಿಸುವ ಹಂತ ಇಲ್ಲವೇ ಇಲ್ಲ. ಈ ಮಿತಿಗಳನ್ನು ಪರೀಕ್ಷೆ ಕಟ್ಟಿದವರೂ ಸಭೆ ಸೇರಿ ಚರ್ಚಿಸಿ ಪ್ರಕಟಿಸಿದರು. ಒಂದು ವೃತ್ತಿ ಸಮುದಾಯಕ್ಕೆ ಇದಕ್ಕಿಂತ ದೊಡ್ಡ ಹೆಗ್ಗಳಿಕೆ ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಂದಿನ ಹೆಜ್ಜೆ ಮಾನವ ಕೋಶದತ್ತ. ವಿಸ್ಕಾನ್ಸಿನ್‌ನ ಜೇಮ್ಸ್ ಥಾಮ್ಸನ್ 1998ರಲ್ಲಿ ಮಾನವ ಭ್ರೂಣದ ಆಕರಕೋಶ ಬೆಳೆಸಿದ್ದರು. ಜರ್ಮನಿಯಲ್ಲಿ ಇಂಥ ಕೋಶಗಳನ್ನು ಸಿದ್ಧಪಡಿಸಲು ಕಾನೂನು ಬಿಡುತ್ತಿರಲಿಲ್ಲ. 2002ರ ಕಾನೂನಿನಂತೆ, ಹಿಂದೆಯೇ ಹೊರದೇಶದಲ್ಲಿ ತಯಾರಾದವನ್ನು ಮಾತ್ರ, ಅದೂ ಪರವಾನಗಿ ಪಡೆದು, ತರಿಸಿಕೊಳ್ಳಬಹುದಿತ್ತು. ಆ ಬಿಗಿಯೊಳಗೇ ಕೊಲೋನ್‌ನ ಯುರ್ಗೆನ್ ಹೆಶೆಲರ್ ನೇತೃತ್ವದ ಎಸ್ನಾಟ್ಸ್ ಯೋಜನೆ 2008ರಿಂದ 2013ರವರೆಗೆ ಯುರೋಪಿನ ಹಲವು ಲ್ಯಾಬುಗಳನ್ನು ಮಾನವ ಆಕರಕೋಶ ಆಧಾರಿತ ಪರೀಕ್ಷೆಗಳಿಗೆ ಒಗ್ಗೂಡಿಸಿತು. ಅಷ್ಟರಲ್ಲಿ ಜಪಾನಿನ ಶಿನ್ಯಾ ಯಮನಾಕಾ 2006ರಲ್ಲಿ ಮೌಸ್‌ನ, 2007ರಲ್ಲಿ ಮನುಷ್ಯರ ಬೆಳೆದ ಕೋಶಗಳನ್ನೇ ಆಕರಕೋಶದ ಸ್ಥಿತಿಗೆ ಮರಳಿಸಿ ತೋರಿಸಿದ್ದರು. ಐಪಿಎಸ್ ಎಂದು ಕರೆಯುವ ಈ ಕೋಶಗಳು ಬಂದ ಮೇಲೆ ಭ್ರೂಣದ ಪ್ರಶ್ನೆಯೇ ಬದಿಗೆ ಸರಿಯಿತು.

ಐಪಿಎಸ್ ಹೃದಯಕೋಶಗಳು ಔಷಧ ಕಂಪನಿಗಳನ್ನೂ ಈ ಬಳಗಕ್ಕೆ ಕರೆತಂದವು. ಅಲರ್ಜಿಗೆ ಕೊಡುತ್ತಿದ್ದ ಟರ್ಫೆನಡಿನ್ ಮಾತ್ರೆ ಕೆಲವರಲ್ಲಿ ಹೃದಯದ ಲಯ ಕೆಡಿಸಿ ಪ್ರಾಣಕ್ಕೆ ಎರವಾಗಿ 1990ರ ದಶಕದ ಕೊನೆಗೆ ಅಮೆರಿಕದ ಪೇಟೆಯಿಂದ ಹೊರಬಿತ್ತು. ಆಮೇಲೆ ಹೃದಯಕೋಶದ ಒಂದೇ ಒಂದು ಪೊಟ್ಯಾಸಿಯಂ ದ್ವಾರವನ್ನು ನೋಡಿ ಔಷಧಗಳ ಹಣೆಬರಹ ನಿರ್ಧರಿಸುವ ರೂಢಿ ಬೆಳೆಯಿತು. ಆ ಲೆಕ್ಕ ಪೂರ್ತಿ ಸರಿಯಲ್ಲ. ದಶಕಗಳಿಂದ ಬಳಕೆಯಲ್ಲಿರುವ ವೆರಪಾಮಿಲ್ ಕೂಡ ಅದೇ ದ್ವಾರವನ್ನು ಮುಚ್ಚುತ್ತದೆ, ಲಯ ಕೆಡಿಸುವುದಿಲ್ಲ. ಹಾಗಾಗಿ 2013ರಲ್ಲಿ ಸಿಪಾ ಎಂಬ ಜಂಟಿ ಪ್ರಯತ್ನ ಶುರುವಾಗಿ, ಮಿಡಿಯುವ ಇಡೀ ಮಾನವ ಕೋಶವನ್ನೇ ನೋಡಲಾಯಿತು. 2018ರಲ್ಲಿ ಪ್ರಕಟವಾದ ಅದರ ಅಧ್ಯಯನದಲ್ಲಿ 10 ಕೇಂದ್ರಗಳು 28 ಔಷಧಗಳನ್ನು ಪರೀಕ್ಷಿಸಿದವು. ಆಗಲೂ ಔಷಧಗಳ ಹೆಸರು ಪರೀಕ್ಷಿಸುವವರಿಗೆ ತಿಳಿಸಿರಲಿಲ್ಲ.

ಸಂಘಸಂಸ್ಥೆಗಳ ಮಾತು ಚಿಕ್ಕದಾಗಿ: 1961ರಲ್ಲಿ ಹುಟ್ಟಿದ ಅಮೆರಿಕದ ಸೊಸೈಟಿ ಆಫ್ ಟಾಕ್ಸಿಕಾಲಜಿ ಆಕರಕೋಶಗಳಿಗೆಂದೇ ಒಂದು ವಿಭಾಗ ಮಾಡಿಕೊಂಡಿತು, 2002ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಆಕರಕೋಶ ಸಂಶೋಧನಾ ಸೊಸೈಟಿ 2023ರಲ್ಲಿ ಮಾನವ ಆಕರಕೋಶ ಬಳಸುವ ಲ್ಯಾಬುಗಳಿಗೆ ಗುಣಮಟ್ಟದ ನಿಯಮಾವಳಿ ಹೊರತಂದಿತು.

ನಮ್ಮ ನಾಡಿಗೂ ಈ ವಿಷಯ ದೂರದ್ದಲ್ಲ. ಕಾಸರಗೋಡು, ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ವರ್ಷಗಳು, ಬೆಳ್ತಂಗಡಿಯ ಕೊಕ್ಕಡದಂಥ ಊರುಗಳಲ್ಲಿ ಹಾಸಿಗೆಯಲ್ಲೇ ಉಳಿದ ಮಕ್ಕಳನ್ನು ನೋಡಿಕೊಳ್ಳುವ ತಾಯಂದಿರು, ಇವು ಕನ್ನಡ ಓದುಗರಿಗೆ ಹೊಸತಲ್ಲ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನಿನ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಯಿತು. ಪ್ಲೇಟಿನ ಕೋಶ ಆ ಮಕ್ಕಳ ಬದುಕನ್ನು ಮರಳಿಸಲಾರದು; ಯಾವ ಕೀಟನಾಶಕವನ್ನು ಮೊದಲು ಅನುಮಾನಿಸಬೇಕು ಎಂದು ತೋಟಕ್ಕೆ ಇಳಿಯುವ ಮುನ್ನವೇ ಕೇಳಲು ನೆರವಾದೀತು. ಲಖನೌದ ಭಾರತೀಯ ವಿಷವಿಜ್ಞಾನ ಸಂಶೋಧನಾ ಸಂಸ್ಥೆಯವರು ಹೊಕ್ಕುಳಬಳ್ಳಿಯ ರಕ್ತದ ಆಕರಕೋಶಗಳಿಂದ ನರಕೋಶ ಬೆಳೆಸಿ, ನಮ್ಮ ರೈತರಿಗೆ ಪರಿಚಿತವಾದ ಮೊನೊಕ್ರೋಟೊಫಾಸ್ ಅವುಗಳಿಗೆ ಏನು ಮಾಡುತ್ತದೆಂದು ನೋಡಿದ್ದು ಇದೇ ದಾರಿಯ ಕೆಲಸ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಮನೀಷಾ ಇನಾಂದಾರ್ ತಂಡ, ಬಂಜೆತನದ ಚಿಕಿತ್ಸೆಯಲ್ಲಿ ಬಳಸದೆ ಬಿಟ್ಟ ಭ್ರೂಣಗಳಿಂದ ಬಿಜೆಎನ್‌ಹೆಮ್19, ಬಿಜೆಎನ್‌ಹೆಮ್20 ಎಂಬ ಎರಡು ಮಾನವ ಕೋಶವಂಶಗಳನ್ನು ಸಿದ್ಧಪಡಿಸಿ 2009ರಲ್ಲಿ ವರದಿ ಮಾಡಿತು. ವಿಷಪರೀಕ್ಷೆಗೆ ಹೆಚ್ಚಾಗಿ ಬಳಕೆಯಾಗುವ ಕೋಶವಂಶಗಳು ಅಮೆರಿಕ, ಯುರೋಪು, ಜಪಾನಿನವು. ನಮ್ಮವರ ಕೋಶಗಳೂ ಆ ಸಾಲಿನಲ್ಲಿ ಇರಬೇಕಾದದ್ದು ನ್ಯಾಯ.

2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಔಷಧಗಳ ನಿಯಮಕ್ಕೆ ತಿದ್ದುಪಡಿ ತಂದು, ಪ್ರಾಣಿಗಳಿಲ್ಲದ ಕೋಶ ಪರೀಕ್ಷೆಗಳ ಮಾಹಿತಿಯನ್ನೂ ಒಪ್ಪಬಹುದೆಂದು ಹೇಳಿದೆ. ಕೀಟನಾಶಕಗಳು ಆ ನಿಯಮದ ವ್ಯಾಪ್ತಿಗೆ ಬರುವುದಿಲ್ಲ. ಹಾಗಾಗಿ ಸಮ್ಮೇಳನದ ಈ ಸಂಚಿಕೆ ಓದುವ ಸಹೋದ್ಯೋಗಿಗಳಲ್ಲಿ ನನ್ನದೊಂದು ಕೋರಿಕೆ. ಬೆಂಗಳೂರು, ಮಣಿಪಾಲ, ಮೈಸೂರು, ಧಾರವಾಡದಲ್ಲಿ ಕೋಶ ಬೆಳೆಸುವ ನಾವು ಒಂದು ಪರೀಕ್ಷೆಯನ್ನು, ನಮ್ಮ ಹೊಲಗಳಲ್ಲಿ ಬಳಕೆಯಲ್ಲಿರುವ ಕೆಲವು ಕೀಟನಾಶಕಗಳನ್ನು ಆರಿಸಿಕೊಳ್ಳೋಣ. ಸೀಸೆಗಳಿಗೆ ಸಂಕೇತ ಸಂಖ್ಯೆ ಹಚ್ಚುವ ಕೆಲಸ ಈ ಪರೀಕ್ಷೆಗೆ ಸಂಬಂಧವಿಲ್ಲದವರ ಕೈಯಲ್ಲಿರಲಿ. ಬಂದ ಉತ್ತರ ಹೊಂದಿದರೂ ಹೊಂದದಿದ್ದರೂ ಅಚ್ಚು ಹಾಕಿಸುತ್ತೇವೆಂದು ಮೊದಲೇ ಬರೆದು ಸಹಿ ಮಾಡೋಣ. ಸಿದ್ಧರಿರುವವರು ಸಮ್ಮೇಳನ ಮುಗಿಯುವ ಮುನ್ನ ಸಂಘಟಕರ ಬಳಿ ತಮ್ಮ ಲ್ಯಾಬಿನ ಹೆಸರು ಬರೆಸಿ ಹೋಗಬೇಕಾಗಿ ವಿನಂತಿ.