ಫಿರಂಗಿ ಎಳೆಯೋರು ಯಾರು?

ಶುಕ್ರವಾರ ರಾತ್ರಿ ಹತ್ತಾದರೆ ಬಿಇ ಕಾಲದ ನಾವು ನಾಲ್ಕು ಜನ ಗೆಳೆಯರು ಏಜ್ ಆಫ್ ಎಂಪೈರ್ಸ್ 2 ಆಡೋಕೆ ಕೂರ್ತೀವಿ. ಎಲ್ಲರಿಗೂ ಮೂವತ್ತು ದಾಟಿದೆ, ಇಬ್ಬರಿಗೆ ಮಕ್ಕಳಿದ್ದಾರೆ, ಆದ್ರೂ ಚಟ ಬಿಟ್ಟಿಲ್ಲ. ಈ ಆಟದಲ್ಲಿ ನನಗೊಂದು ಹಳೇ ಹುಚ್ಚು. ಬೊಂಬಾರ್ಡ್ ಕ್ಯಾನನ್, ಅಂದ್ರೆ ದೊಡ್ಡ ಫಿರಂಗಿ. ಒಂದಕ್ಕೆ 225 ಮರ, 225 ಚಿನ್ನ ಸುರೀಬೇಕು. ನಡಿಗೆ ಆಮೆಯದ್ದು. ದೂರದಲ್ಲಿ ನಿಂತು ಹೊಡೆದರೆ ಕೋಟೆ ಗೋಡೆ ಉದುರೋದು ನಿಜ, ಆದ್ರೆ ನಾಲ್ಕು ಕುದುರೆ ಸವಾರರು ಮೈಮೇಲೆ ಬಂದರೆ ಕಥೆ ಮುಗೀತು. ಅಷ್ಟು ಹತ್ತಿರದ ಗುರಿಗೆ ಹೊಡೆಯೋಕೆ ಅದಕ್ಕೆ ಬರೋದೇ ಇಲ್ಲ. ನಾನು ಪ್ರತಿ ವಾರ ಹತ್ತು ಫಿರಂಗಿ ಮಾಡ್ತೀನಿ, ಪ್ರತಿ ವಾರ ದಾರಿಯಲ್ಲೇ ಕಳ್ಕೊಳ್ತೀನಿ. 'ದಂಡದ ಯೂನಿಟ್ ಕಣೋ ಅದು' ಅಂತ ಗೆಳೆಯರು ನಗ್ತಾರೆ.

ಒಂದು ದಸರಾ ರಜೆಗೆ ಊರಿಗೆ ಹೋಗಿದ್ದೆ. ನಮ್ಮೂರು ಬುಕ್ಕಾಂಬುಧಿ, ಅಜ್ಜಂಪುರದ ಕಡೆ. ಜಗಲಿ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಒಬ್ಬನೇ ಆಡ್ತಿದ್ದೆ. ಪಕ್ಕದಲ್ಲಿ ಅಡಿಕೆ ಕೆರೀತಾ ಕೂತಿದ್ದ ಅಜ್ಜ ಸುಮಾರು ಹೊತ್ತು ಪರದೆ ನೋಡಿ ಕೇಳಿದರು:

'ಆ ಫಿರಂಗಿ ತಾನಾಗೇ ಹೋಗ್ತೈತಲ್ಲೋ ಮಗಾ, ಅದನ್ನ ಎಳೆಯೋರು ಯಾರು?'

'ಯಾರೂ ಇಲ್ಲ ಅಜ್ಜ, ಅದೇ ಹೋಗುತ್ತೆ.'

'ಹಂಗಾದ್ರೆ ಅದು ಆಟ ಬಿಡು' ಅಂದು ಎದ್ದು ಹೋದರು.

ಆಟ ಅನ್ನೋದು ನನಗೂ ಗೊತ್ತಿತ್ತು. ಆದರೆ ಪ್ರಶ್ನೆ ತಲೆಯಲ್ಲಿ ಕೂತುಬಿಡ್ತು. ಯಾಕಂದ್ರೆ ನಿಜವಾದ ಫಿರಂಗಿಯನ್ನು ಎಳೆದವರ ವಂಶ ನಮ್ಮೂರಿನ ಹತ್ತಿರ, ಅಜ್ಜಂಪುರದ ಫಾರಂನಲ್ಲಿ ಇವತ್ತಿಗೂ ಹುಲ್ಲು ಮೇಯ್ತಾ ಇದೆ. ಅಮೃತ್ ಮಹಲ್ ರಾಸುಗಳು. ಬೂದು ಮೈ, ಹಿಂದಕ್ಕೆ ಬಾಗಿ ಚೂಪಾಗಿ ನಿಂತ ಉದ್ದ ಕೊಂಬು, ಅಪರಿಚಿತರನ್ನು ಕಂಡರೆ ತಲೆ ಎತ್ತಿ ನಿಲ್ಲೋ ಗತ್ತು. ಚಿಕ್ಕಂದಿನಲ್ಲಿ ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೆ. ಅವು ಒಂದು ಕಾಲದಲ್ಲಿ ಸೈನ್ಯದ ಆಸ್ತಿ ಅಂತ ಯೋಚನೆ ಮಾಡಿರಲಿಲ್ಲ.

ಮೊದಲು ಫಿರಂಗಿ ಲೆಕ್ಕ ನೋಡೋಣ. ಹದಿನೆಂಟನೇ ಶತಮಾನದಲ್ಲಿ ಕೋಟೆ ಒಡೆಯೋಕೆ ಬಳಸ್ತಿದ್ದ ದೊಡ್ಡ ಫಿರಂಗಿ ಅಂದ್ರೆ 24 ಪೌಂಡ್ ಗುಂಡಿನದ್ದು, ಸುಮಾರು ಹನ್ನೊಂದು ಕೆಜಿಯ ಕಬ್ಬಿಣದ ಉಂಡೆ ಹಾರಿಸೋದು. ಅದರ ಕೊಳವೆ ಒಂದೇ ಎರಡೂವರೆ ಟನ್ ತೂಕ. ಅದರ ಗಾಡಿ ಬೇರೆ, ಗುಂಡು ಬೇರೆ, ಮದ್ದು ಬೇರೆ. ಒಂದೊಂದಕ್ಕೂ ಹತ್ತಾರು ಜೋಡಿ ಎತ್ತು ಕಟ್ಟಬೇಕು. ದಾರಿ ಅಂದ್ರೆ ಟಾರ್ ರಸ್ತೆ ಅಲ್ಲ, ಮಳೆ ಬಿದ್ದರೆ ಅಚ್ಚಿನ ತನಕ ಹೂತುಹೋಗೋ ಎರೆಮಣ್ಣು. ಘಟ್ಟ ಹತ್ತುವಾಗ ಮುಂದಿನಿಂದ ಎತ್ತು ಎಳೆಯೋದು, ಹಿಂದಿನಿಂದ ಆನೆ ತಲೆ ಕೊಟ್ಟು ನೂಕೋದು. ನಮ್ಮ ಆಟಗಳಲ್ಲಿ ಆನೆ ಶತ್ರುವಿನ ಮೇಲೆ ನುಗ್ಗೋ ಟ್ಯಾಂಕು. ಆದರೆ ಬಂದೂಕು, ಫಿರಂಗಿ ಬಂದ ಮೇಲೆ ರಣರಂಗದಲ್ಲಿ ಆನೆಯಷ್ಟು ಸುಲಭದ ಗುರಿ ಇನ್ನೊಂದಿಲ್ಲ. ಹಾಗಂತ ಸೈನ್ಯ ಅದನ್ನು ಬಿಡಲಿಲ್ಲ. ನುಗ್ಗೋ ಕೆಲಸ ತಪ್ಪಿಸಿ ನೂಕೋ ಕೆಲಸ ಕೊಟ್ಟಿತು.

ಈ ಎಳೆಯೋ ಪ್ರಶ್ನೆಗೆ ಮೈಸೂರಿನವರು ಕೊಟ್ಟ ಉತ್ತರವೇ ಅಮೃತ್ ಮಹಲ್. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1672–1704) ಅರಮನೆಯ ದನಗಳಿಗೆ ಅಂತ ಒಂದು ಇಲಾಖೆ ಆಯ್ತು. ಹೆಸರು ಬೆಣ್ಣೆ ಚಾವಡಿ. ಹೆಸರೇ ಹೇಳೋ ಹಾಗೆ ಬೆಣ್ಣೆ, ಹಾಲಿನ ವ್ಯವಹಾರ. ರಾಜ್ಯದ ಬೇರೆ ಬೇರೆ ಕಡೆ ಕಾವಲುಗಳನ್ನು, ಅಂದ್ರೆ ದನ ಮೇಯೋಕೆ ಅಂತಲೇ ಮೀಸಲಿಟ್ಟ ಹುಲ್ಲುಗಾವಲುಗಳನ್ನು ಇದಕ್ಕೆ ಬಿಟ್ಟರು. ಹೈದರ್ ಅಲಿ ಈ ಹಿಂಡನ್ನು ಹಿಗ್ಗಿಸಿ, ಗೆದ್ದ ಪಾಳೆಯಗಾರರ ದನಗಳನ್ನೂ ಸೇರಿಸಿ, ಸೈನ್ಯದ ಗಾಡಿಗೆ ಕಟ್ಟಿದ. ಟಿಪ್ಪು ಬೆಣ್ಣೆ ಚಾವಡಿಗೆ ಅಮೃತ್ ಮಹಲ್ ಅಂತ ಹೆಸರಿಟ್ಟು, ನಡೆಸೋಕೆ ಹುಕುಂನಾಮೆ ಬರೆಸಿದ. ಟಿಪ್ಪು ಹೆಸರು ಕೇಳಿದ ಕೂಡಲೇ ಜಗಳಕ್ಕೆ ನಿಲ್ಲೋರು ಒಂದ್ನಿಮಿಷ ತಡೀರಿ, ಇದು ಎತ್ತಿನ ಕಥೆ.

ಈ ತಳಿಯ ಎತ್ತು ದೈತ್ಯ ಏನಲ್ಲ. ಮೈಕಟ್ಟು ಮಧ್ಯಮ. ಬಲ ಇರೋದು ಓಟದಲ್ಲಿ, ಹಟದಲ್ಲಿ, ಅರೆಹೊಟ್ಟೆಯಲ್ಲೂ ಹೆಜ್ಜೆ ಬಿಡದ ಗುಣದಲ್ಲಿ. ಮೈಸೂರು ಗೆಜೆಟಿಯರ್ ಓದಿದರೆ ಈ ಎತ್ತುಗಳ ಸಾಧನೆಯ ಪಟ್ಟಿಯೇ ಸಿಗುತ್ತೆ. 1781ರಲ್ಲಿ ಚಿದಂಬರದ ರಕ್ಷಣೆಗೆ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು. ಬಿದನೂರನ್ನು ಮರಳಿ ಪಡೆಯೋಕೆ ಟಿಪ್ಪು ಒಂದು ತಿಂಗಳಲ್ಲಿ ಆ ಕರಾವಳಿಯ ಕಡೆಯಿಂದ ಈ ಕಡೆಗೆ ಬಂದದ್ದು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮತ್ತೊಂದು. ಸೋತಾಗಲೂ ಶತ್ರುವಿನ ಕಣ್ಣೆದುರೇ ಫಿರಂಗಿಗಳನ್ನು ಎಳ್ಕೊಂಡು ಹೋಗೋಕೆ ಆಗ್ತಿತ್ತು ಅನ್ನೋದು. 1781ರ ಜುಲೈ 1ರಂದು ಪೋರ್ಟೋ ನೋವೋದಲ್ಲಿ ಹೈದರ್ ಸೋತ, ಆದರೆ ಫಿರಂಗಿಗಳು ಅವನ ಜೊತೆಗೇ ವಾಪಸ್ ಹೋದವು. ಗೆದ್ದ ಐರ್ ಕೂಟ್‌ಗೆ ಬೆನ್ನಟ್ಟೋಕೆ ಬೇಕಾದ ಕುದುರೆಯಾಗಲಿ ಎತ್ತಾಗಲಿ ಇರಲಿಲ್ಲ. ಹಿಂದಿನ ವರ್ಷ ಇದರ ಉಲ್ಟಾ ಆಗಿತ್ತು. ಪೊಳ್ಳಿಲೂರಿನಲ್ಲಿ ಬೇಲಿಯ ಪಡೆ ನಾಶವಾದ ಸುದ್ದಿ ಬಂದಾಗ ಕಾಂಚೀಪುರದಲ್ಲಿದ್ದ ಹೆಕ್ಟರ್ ಮನ್ರೋ ತನ್ನ ಭಾರೀ ಫಿರಂಗಿಗಳನ್ನು ಅಲ್ಲಿನ ಕೊಳಕ್ಕೆ ನೂಕಿ ಮದರಾಸಿಗೆ ಓಡಿದ್ದ.

ಆದರೆ ಎಳೆಯೋರಿಲ್ಲದೆ ಫಿರಂಗಿ ಏನಾಗುತ್ತೆ ಅನ್ನೋದಕ್ಕೆ ಅತಿ ದೊಡ್ಡ ಪಾಠ ನಡೆದದ್ದು ನಮ್ಮ ಮಂಡ್ಯ ಸೀಮೆಯಲ್ಲೇ. ನೀವು ವೀಕೆಂಡಿಗೆ ಕೆಆರ್‌ಎಸ್ ನೋಡೋಕೆ ಹೋಗ್ತೀರಲ್ಲ, ಅಲ್ಲಿ.

1791ರ ಮಾರ್ಚ್ 21ರಂದು ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳ ಶುರುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಟ. ಚನ್ನಪಟ್ಟಣದ ನೇರ ದಾರಿಯಲ್ಲಿ ಟಿಪ್ಪು ಹುಲ್ಲು, ಕಾಳು ಏನೂ ಉಳಿಸಿರಲಿಲ್ಲ. ಅದಕ್ಕೇ ಕನಕಪುರದ ಕಡೆಯ ಕಾಡು ದಾರಿ ಹಿಡಿದ. ಅಲ್ಲೂ ಹಳ್ಳಿಗಳು ಖಾಲಿ. ಎತ್ತುಗಳು ಹಸಿವು, ರೋಗದಿಂದ ಸಾಲಾಗಿ ಬೀಳೋಕೆ ಶುರುವಾದವು. ಮುಂಗಾರಿಗೆ ಮುಂಚಿನ ಮಳೆಯೂ ಹಿಡೀತು. ಮೇ 15ರಂದು ಅರಕೆರೆ ಹತ್ತಿರ ಟಿಪ್ಪುವಿನ ಜೊತೆ ಯುದ್ಧ ಆಯ್ತು, ಕಾರ್ನ್‌ವಾಲಿಸ್ ಗೆದ್ದ. ಶ್ರೀರಂಗಪಟ್ಟಣ ಕಣ್ಣಿಗೆ ಕಾಣ್ತಿತ್ತು. ಆದರೆ ಕೋಟೆ ಒಡೆಯೋ ಫಿರಂಗಿಗಳನ್ನು ಅರಕೆರೆಯಿಂದ ಕನ್ನಂಬಾಡಿಗೆ ಸಾಗಿಸೋಕೆ ಎತ್ತುಗಳೇ ಇಲ್ಲ. ಸಿಪಾಯಿಗಳೇ ಹಗ್ಗ ಹಿಡಿದು ಎಳೆದರು. ಕನ್ನಂಬಾಡಿ ತಲುಪಿದ ಮೇಲೆ ಎಳೆಯೋ ಶಕ್ತಿ ಅವರಿಗೂ ಉಳಿಯಲಿಲ್ಲ. ಕೊನೆಗೆ ತಾನು ತಂದ ಭಾರೀ ಫಿರಂಗಿಗಳನ್ನು ತಾನೇ ಒಡೆಸಿ, ಗುಂಡುಗಳನ್ನು ಹೂಳಿಸಿ, ಮೇ ಕೊನೆಯಲ್ಲಿ ಬೆಂಗಳೂರಿನ ಕಡೆ ತಿರುಗಿದ.

ಯೋಚಿಸಿ ನೋಡಿ. ಯುದ್ಧ ಗೆದ್ದಿದ್ದಾನೆ, ಫಿರಂಗಿ ಕೆಟ್ಟಿಲ್ಲ, ಮದ್ದು ಮುಗಿದಿಲ್ಲ. ಸೋತದ್ದು ಮೇವಿಗೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಕೋಡ್ ಸರಿ ಇದೆ, ಸರ್ವರ್ ನಡೆಸೋ ತಂಡಕ್ಕೆ ಮೂರು ತಿಂಗಳಿಂದ ಸಂಬಳ ಆಗಿಲ್ಲ.

ವಾಪಸ್ ಹೋಗೋ ದಾರಿಯಲ್ಲಿ ಮೇಲುಕೋಟೆ ಕಡೆ ಎದುರಾದದ್ದು ಮಿತ್ರಪಕ್ಷದ ಮರಾಠಾ ಸೈನ್ಯ, ಪರಶುರಾಮ ಭಾವು ಮತ್ತು ಹರಿಪಂತರದ್ದು. ಅವರ ಹಿಂದೆ ಇದ್ದ ಬಜಾರು ನೋಡಿ ಇಂಗ್ಲಿಷರಿಗೆ ಜೀವ ಬಂತು. ದುಡ್ಡು ಕೊಟ್ಟರೆ ಕಾಳು ಸಿಗ್ತಿತ್ತು, ದುಬಾರಿ ಅನ್ನೋದು ಬೇರೆ ಮಾತು. ಕಾರ್ನ್‌ವಾಲಿಸ್ ಆಮೇಲೆ ಹೊಸ ಫಿರಂಗಿಗಿಂತ ಮೊದಲು ಎತ್ತುಗಳ ಏರ್ಪಾಡಿಗೆ ಗಮನ ಕೊಟ್ಟ. ಸಾವಿರಾರು ಹೇರೆತ್ತುಗಳ ಮೇಲೆ ಧಾನ್ಯ ಹೊತ್ತು ಸೈನ್ಯದ ಹಿಂದೆ ನಡೀತಿದ್ದ ಬಂಜಾರರನ್ನು, ಅಂದ್ರೆ ನಮ್ಮ ಲಂಬಾಣಿ ಜನರನ್ನು, ಮುಂಗಡ ಕೊಟ್ಟು ಗೊತ್ತು ಮಾಡಿಕೊಂಡ. ದಾರಿಯ ನಂದಿದುರ್ಗ, ಸಾವನದುರ್ಗಗಳನ್ನು ಆ ವರ್ಷವೇ ಹಿಡಿದು ಸರಬರಾಜಿನ ಹಾದಿ ಭದ್ರ ಮಾಡಿಕೊಂಡ. 1792ರ ಫೆಬ್ರುವರಿಯಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತಾಗ ಅದೇ ತರದ ಫಿರಂಗಿಗಳೇ ಇದ್ದದ್ದು. ಈ ಸಲ ಎಳೆಯೋರಿದ್ದರು, ಎಳೆಯೋರಿಗೆ ಮೇವಿತ್ತು. ಮಾರ್ಚಿನಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಮೃತ್ ಮಹಲ್ ಹಿಂಡೂ ಇಂಗ್ಲಿಷರ ಪಾಲಾಯ್ತು. ಇವುಗಳ ಬೆಲೆ ಚೆನ್ನಾಗಿ ತಿಳಿದಿದ್ದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್ನನನ್ನು ವಾಟರ್‌ಲೂನಲ್ಲಿ ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್. 1803ರಲ್ಲಿ ಮರಾಠರ ಮೇಲೆ ಹೋದಾಗ ಅವನ ಪತ್ರಗಳ ತುಂಬ ಎತ್ತಿನ ಚಿಂತೆಯೇ. ಇಷ್ಟಾದರೂ 1860ರಲ್ಲಿ ಮದರಾಸು ಸರ್ಕಾರಕ್ಕೆ ಖರ್ಚು ಉಳಿಸೋ ಯೋಚನೆ ಬಂತು. ಶಾಂತಿಯ ಕಾಲದಲ್ಲಿ ಸುಮ್ಮನೆ ಮೇಯೋ ದನಕ್ಕೆ ಯಾಕೆ ದುಡ್ಡು ಅಂತ ಇಡೀ ಹಿಂಡನ್ನು ಮಾರಿಸಿಬಿಟ್ಟರು. ಆಮೇಲೆ ಅಂಥ ಎತ್ತು ಎಲ್ಲೂ ಸಿಗಲಿಲ್ಲ. 1866ರಲ್ಲಿ ಮತ್ತೆ ಕೂಡಿಸೋಕೆ ಶುರು ಮಾಡಿದರು. 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಬಂತು. ಆಡಿಟ್‌ನವರು ಸುಮ್ಮನೆ ಕೂತಿದ್ದಾರೆ ಅಂತ ತಂಡವನ್ನೇ ತೆಗೆದು, ಆರು ತಿಂಗಳಾದ ಮೇಲೆ ಅದೇ ಕೆಲಸಕ್ಕೆ ಜನ ಹುಡುಕೋದನ್ನು ನಾವೂ ನೋಡಿದ್ದೀವಲ್ಲ.

ಇದನ್ನೆಲ್ಲ ಓದಿಕೊಂಡು ಸಂಕ್ರಾಂತಿಗೆ ಊರಿಗೆ ಹೋದಾಗ ಅಜ್ಜನಿಗೆ ವರದಿ ಒಪ್ಪಿಸಿದೆ. ಕನ್ನಂಬಾಡಿ ಕಥೆ ಅವರಿಗೆ ಬಹಳ ಹಿಡಿಸ್ತು. ತಮ್ಮ ಕಥೆಯನ್ನೂ ಹೇಳಿದರು. ಹರೆಯದಲ್ಲಿ ಫಾರಂ ಹರಾಜಿನಲ್ಲಿ ಒಂದು ಜೋಡಿ ಹೋರಿಗರು ಹಿಡಿದಿದ್ದರಂತೆ. ಕಾವಲಿನಲ್ಲಿ ಕಾಡುಪ್ರಾಣಿಯ ಹಾಗೆ ಬೆಳೆದವು, ಮನುಷ್ಯರ ಕೈ ಸೋಕಿಲ್ಲ. ಮೂಗುದಾರ ಹಾಕೋಕೆ ಆರು ಜನ ಬೇಕಾಯ್ತಂತೆ. ಒಂದೊಂದನ್ನೂ ಒಂದು ಹಳೇ ಸಾಧು ಎತ್ತಿನ ಜೊತೆ ನೊಗಕ್ಕೆ ಕಟ್ಟಿ ಪಳಗಿಸಿದ್ದು. 'ಒಂದು ಸಲ ನಂಬಿದವು ಅಂದ್ರೆ ಮುಗೀತು, ಕೆರೆ ಹೂಳಿನ ಗಾಡಿ ಹೂತರೂ ಮೊಣಕಾಲೂರಿ ಎಳೆಯೋವು' ಅಂದರು. ಬುಕ್ಕನ ಹೆಸರಿಗೆ ಸಮುದ್ರ ಅನ್ನೋ ಅರ್ಥದ ಅಂಬುಧಿ ಸೇರಿಸಿಕೊಂಡ ಊರು ನಮ್ಮದು. ಬೇಸಿಗೆಯಲ್ಲಿ ಆ ಕೆರೆಯ ಗೋಡುಮಣ್ಣು ಹೊಲಕ್ಕೆ ಹೊಡೆಯೋದೇ ಆಗಿನ ದೊಡ್ಡ ಕೆಲಸ. ಆ ಜೋಡಿಯನ್ನು ಮಾರಿದ್ದು ನಾನು ಹುಟ್ಟೋ ಮುಂಚೆ, ಟ್ರ್ಯಾಕ್ಟರ್ ಬಂದ ವರ್ಷ.

'ಈಗ ಯಾರು ಸಾಕ್ತಾರೆ? ಹಾಲು ಕೊಡಲ್ಲ ಅಂತಾರೆ' ಅಂದರು. ನಿಜ. ಅಮೃತ್ ಮಹಲ್ ಹಸು ತನ್ನ ಕರುವಿಗೆ ಸಾಲುವಷ್ಟು ಹಾಲು ಕೊಟ್ಟರೆ ಹೆಚ್ಚು. ಡೈರಿಯ ಲೀಟರ್ ಲೆಕ್ಕದಲ್ಲಿ ಅಳೆದರೆ ಇದೂ ದಂಡದ ಯೂನಿಟ್ಟೇ. ಎರಡು ಸೈನ್ಯಗಳ ಹಣೆಬರಹ ಬರೆದ ತಳಿಗೆ ಈಗ ನಾವು ಇಟ್ಟಿರೋ ಪರೀಕ್ಷೆಯೇ ಬೇರೆ.

ಆಮೇಲೆ ಅಜ್ಜ ಎರಡನೇ ಪ್ರಶ್ನೆ ಕೇಳಿದರು. 'ಅಷ್ಟು ಎತ್ತಿಗೆ ಮೇವು ಎಲ್ಲಿಂದ ತರ್ತಿದ್ರು?'

ಉತ್ತರ ಅವರಿಗೇ ಗೊತ್ತಿತ್ತು, ನನ್ನ ಬಾಯಲ್ಲಿ ಹೇಳಿಸಬೇಕಿತ್ತು ಅಷ್ಟೇ. ಕಾವಲು. ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಅಂತ ಕಾವಲುಗಳನ್ನು ವಿಂಗಡಿಸಿ, ಋತು ನೋಡಿ ಹಿಂಡನ್ನು ನಡೆಸ್ತಿದ್ದರು. ಫಿರಂಗಿ ನಿಂತಿದ್ದು ಎತ್ತಿನ ಮೇಲೆ, ಎತ್ತು ನಿಂತಿದ್ದು ಹುಲ್ಲಿನ ಮೇಲೆ. ಆ ಕಾವಲುಗಳು ಈಗ ತೋಟವಾಗಿ, ನೀಲಗಿರಿ ನೆಡುತೋಪಾಗಿ, ಬಡಾವಣೆಯಾಗಿ ಕರಗಿವೆ. ಚಳ್ಳಕೆರೆ ಹತ್ತಿರದ ಅಮೃತ್ ಮಹಲ್ ಕಾವಲಿನಲ್ಲಿ ಈಗ ಡಿಆರ್‌ಡಿಓ ಚಾಲಕರಹಿತ ವಿಮಾನಗಳನ್ನು ಪರೀಕ್ಷೆ ಮಾಡುತ್ತೆ. ಸೈನ್ಯದ ಎತ್ತಿಗೆ ಅಂತ ಮೀಸಲಿಟ್ಟ ಹುಲ್ಲಿನ ನೆಲ ಇನ್ನೂರು ವರ್ಷಕ್ಕೆ ಮತ್ತೆ ಸೈನ್ಯಕ್ಕೇ ಹೋಯ್ತು. ಈ ಸಲ ದನ, ಕುರಿ ಮೇಯಿಸೋರು ಬೇಲಿಯ ಹೊರಗೆ ಉಳಿದರು. ನಮ್ಮ ಕಡೂರಿನ ಬಾಸೂರು ಕಾವಲು ಮಾತ್ರ ಕೃಷ್ಣಮೃಗಗಳ ಪುಣ್ಯಕ್ಕೆ 2011ರಲ್ಲಿ ಸಂರಕ್ಷಿತ ಮೀಸಲು ಅಂತ ಉಳಿದುಕೊಂಡಿದೆ.

ಈಗಲೂ ಶುಕ್ರವಾರ ಆಡ್ತೀನಿ, ಫಿರಂಗಿಯನ್ನೂ ಬಿಟ್ಟಿಲ್ಲ. ಹತ್ತರ ಬದಲು ಮೂರೇ ಮಾಡ್ತೀನಿ. ಮುಂದೆ ಈಟಿಯವರನ್ನು ನಿಲ್ಲಿಸ್ತೀನಿ, ಹಿಂದೆ ರಿಪೇರಿಗೆ ನಾಲ್ಕು ಹಳ್ಳಿಗರನ್ನು ಕಳಿಸ್ತೀನಿ. ಗೋಡೆ ಒಡೆಯೋ ರ್‍ಯಾಮ್ ಮಾಡಿದರೆ ಒಳಗೆ ಕಾಲಾಳುಗಳನ್ನು ತುಂಬಿಸ್ತೀನಿ. ಆಗ ಅದರ ವೇಗ ಹೆಚ್ಚುತ್ತೆ ಅನ್ನೋದು ಆಟ ಮಾಡಿದವರು ಇಟ್ಟಿರೋ ಒಂದು ಸಣ್ಣ ನಿಯಮ. ಇಷ್ಟು ವರ್ಷ ಅದನ್ನು ಬಳಸಿರಲೇ ಇಲ್ಲ. ಹೋದ ವಾರ ಕೋಟೆ ಬಿತ್ತು. ಗೆಳೆಯರು ಗುಟ್ಟೇನು ಅಂತ ಕೇಳಿದರು.

ಅಜ್ಜನನ್ನು ಕೇಳಿ ಅಂದೆ.