ವಿಮಾನಯೋಧರ ಗರಡಿ

ಕಬಕ ಪುತ್ತೂರು ಪ್ರಾಂತದವರಿಗೆ ಗರಡಿಯೆಂದರೇನೆಂದು ವಿವರಿಸಬೇಕಾದುದಿಲ್ಲ. ಪಡುಮಲೆಯಲ್ಲಿ ಜನಿಸಿದರೆಂದು ಪಾಡ್ದನಗಳು ಸಾರುವ ಕೋಟಿ ಚೆನ್ನಯರನ್ನು ತುಳುನಾಡಿನ ಗರಡಿಗಳಲ್ಲಿ ಇಂದಿಗೂ ಆರಾಧಿಸುವರು. ಈಗ ದೈವಸ್ಥಾನವಾಗಿರುವ ಗರಡಿಯು ಮೂಲತಃ ಶಸ್ತ್ರಾಭ್ಯಾಸದ ಮನೆಯೆಂಬುದನ್ನು ಅದರ ಹೆಸರೇ ಸೂಚಿಸುವುದು. ರಣದಲ್ಲಿ ಶತ್ರುವಿನಿಂದ ಬೀಳಬಹುದಾದ ಪೆಟ್ಟಿನ ಪರಿಚಯವು ಮೊದಲು ಗುರುವಿನ ಎದುರಿನಲ್ಲಿಯೇ ಆಗಬೇಕೆಂಬುದು ಗರಡಿಯ ಧರ್ಮ. ಆಕಾಶದಲ್ಲಿ ಕಾದುವವರಿಗೆ ಅಂತಹ ಗರಡಿಯು ಈ ದೇಶದಲ್ಲಿ ಎಷ್ಟು ತಡವಾಗಿ ಒದಗಿತೆಂಬುದು ವಿಚಾರಾರ್ಹವಾದ ಸಂಗತಿ.

ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ನಿರ್ಮಿತವಾಗಿ ೧೯೬೪ರಲ್ಲಿ ಮೊದಲು ಹಾರಿದ 'ಕಿರಣ'ವು ವಾಯುಪಡೆಯ ಶಿಷ್ಯರ ಅಭ್ಯಾಸವಿಮಾನ. ಅದರಲ್ಲಿ ಗುರುಶಿಷ್ಯರ ಪೀಠಗಳು ಪಕ್ಕಪಕ್ಕದಲ್ಲಿರುವುವು. ಅದರ ವೇಗವು ಶಬ್ದದ ವೇಗಕ್ಕಿಂತ ಕಡಮೆ. ಇಂತಹ ವಿಮಾನಗಳಲ್ಲಿ ಕಲಿತ ತರುಣರು ಮುಂದೆ ಏರಬೇಕಾಗುತ್ತಿದ್ದ ಮಿಗ್-೨೧ ಎಂಬ ಯುದ್ಧವಿಮಾನವಾದರೋ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲುದು. ಯುದ್ಧಕ್ಕೆ ಹೋಗುವಾಗ ಅದರಲ್ಲಿ ಒಬ್ಬನಿಗೆ ಮಾತ್ರ ಸ್ಥಳ. ಈ ಎರಡರ ನಡುವೆ ತಕ್ಕ ಸೋಪಾನವಿರಲಿಲ್ಲ. ಅನೇಕ ತರುಣರು ಶತ್ರುವಿನ ಮುಖವನ್ನೇ ಕಾಣದೆ ಅಪಘಾತಗಳಲ್ಲಿ ಮಡಿದರು. ಯಂತ್ರದೋಷಗಳೂ ಕಾರಣವಾಗಿದ್ದುವು, ನಿಜ. ಆದರೆ ಅಭ್ಯಾಸದ ಕೊರತೆಯನ್ನು ಅಲ್ಲಗಳೆಯಲಾಗದು.

೧೯೮೨ರಲ್ಲಿ ಲಾ ಫೊಂಟೇನ್ ಸಮಿತಿಯು ಉನ್ನತ ಶಿಕ್ಷಣಕ್ಕೆ ತಕ್ಕ ಜೆಟ್ ವಿಮಾನವು ಅವಶ್ಯವೆಂದು ಸೂಚಿಸಿತು. ೧೯೮೬ರಲ್ಲಿ ತೇಜಪುರದಲ್ಲಿ ಒಂದು ಶಿಕ್ಷಣದಳವೇನೋ ಏರ್ಪಟ್ಟಿತು. ಆದರೆ ಅಲ್ಲಿ ಮಿಗ್ ವಿಮಾನವೇ ಪಾಠಶಾಲೆಯಾಯಿತು. ಕಡೆಗೆ ೨೦೦೪ರ ಮಾರ್ಚಿಯಲ್ಲಿ ೬೬ 'ಹಾಕ್' ವಿಮಾನಗಳಿಗಾಗಿ ಬ್ರಿಟನ್ನಿನೊಡನೆ ಒಪ್ಪಂದವಾಯಿತು. ಅವುಗಳಲ್ಲಿ ೨೪ ಸಿದ್ಧವಾಗಿ ಬರುವುದೆಂದೂ ೪೨ ಬೆಂಗಳೂರಿನಲ್ಲಿ ನಿರ್ಮಾಣವಾಗುವುದೆಂದೂ ನಿಶ್ಚಯವಾಗಿ, ೨೦೦೮ರ ಫೆಬ್ರವರಿಯಲ್ಲಿ ಕನ್ನಡನಾಡಿನ ಉತ್ತರದ ತುದಿಯಾದ ಬೀದರದಲ್ಲಿ 'ಹಾಕ್' ವಾಯುಪಡೆಗೆ ಸೇರಿತು. ಸೂಚನೆಗೂ ಒಪ್ಪಂದಕ್ಕೂ ನಡುವೆ ಇಪ್ಪತ್ತೆರಡು ವರ್ಷಗಳು ಸಂದಿದ್ದುವು. ಸಮಿತಿಯು ಸೂಚಿಸಿದಾಗ ಹುಟ್ಟಿದ ಶಿಶುವು ಅಷ್ಟರಲ್ಲಿ ತಾನೇ ವಿಮಾನವೇರುವ ವಯಸ್ಸಿನವನಾಗಿದ್ದನು!

'ಹಾಕ್' ವಿಮಾನದಲ್ಲಿ ಶಿಷ್ಯನು ಮುಂದೆಯೂ ಗುರುವು ಹಿಂದೆಯೂ ಕುಳಿತುಕೊಳ್ಳುವರು; ಬಾಂಬು ರಾಕೆಟ್ಟುಗಳ ಪ್ರಯೋಗವನ್ನೂ ಅದರಲ್ಲಿಯೇ ಅಭ್ಯಸಿಸಬಹುದು. ಆದರೆ ವಿಮಾನವೊಂದೇ ಸಾಲದು. ಗುರಿಯಿಟ್ಟು ಕೆಡಹಲು ವಿಶಾಲವಾದ ನಿರ್ಜನಭೂಮಿಯೂ ಬೇಕು. ತೋಟ ಗದ್ದೆ ಮನೆಗಳು ಒತ್ತಾಗಿರುವ ಸೀಮೆಗಳಲ್ಲಿ ಅದು ದುರ್ಲಭ. ಆದಕಾರಣವೇ ವಾಯುಪಡೆಯು ರಾಜಸ್ಥಾನದ ಪೋಖರಣದ ಮರುಭೂಮಿಯನ್ನು ಅಸ್ತ್ರಾಭ್ಯಾಸಕ್ಕಾಗಿ ಆಶ್ರಯಿಸಿರುವುದು.

ಮಿಗ್-೨೧ ವಿಮಾನಗಳು ೨೦೨೫ರ ಸೆಪ್ಟೆಂಬರಿನಲ್ಲಿ ಸೇವೆಯಿಂದ ನಿವೃತ್ತವಾದುವು. ಅವು ಕಲಿಸಿದ ಪಾಠವು ಮಾತ್ರ ನಿವೃತ್ತವಾಗುವಂತಹುದಲ್ಲ. ಗುರುವು ಮೊದಲು ಪಕ್ಕದಲ್ಲಿ, ಅನಂತರ ಬೆನ್ನ ಹಿಂದೆ, ಕಡೆಗೆ ಶಿಷ್ಯನ ಸ್ಮೃತಿಯಲ್ಲಿ ಮಾತ್ರ ಇರುವುದು ವಿದ್ಯೆಯ ಕ್ರಮ. ನಡುವಣ ಮೆಟ್ಟಿಲನ್ನು ಬಿಟ್ಟು ಉಳಿಸಿದ ಹಣವನ್ನು ದೇಶವು ತನ್ನ ಮಕ್ಕಳ ಪ್ರಾಣದಿಂದ ತೆರಬೇಕಾಗುವುದು.