ಆರನೇ ತರಗತಿಯ ಟೀಸಿ: ಖಾಸಗಿ ಶಾಲೆ ಮತ್ತು ಕಾಲೇಜು ಸೀಟಿನ ಕಥೆ

ಜೂನ್ ತಿಂಗಳು ಬಂತೆಂದರೆ ನಮ್ಮ ತಾಳವಾಡಿ ಸೀಮೆಯ ಕನ್ನಡ ಶಾಲೆಗಳ ಮೇಷ್ಟ್ರುಗಳಿಗೆ ಒಳಗೊಳಗೇ ಅಳುಕು. ಐದನೇ ತರಗತಿ ಮುಗಿಸಿದ ಮಗುವಿನ ಅಪ್ಪ ಬಾಗಿಲಲ್ಲಿ ನಿಂತು "ಸಾರ್, ಟೀಸಿ ಬರೆದುಕೊಡಿ" ಅನ್ನುತ್ತಾರೆ. ಯಾಕೆ ಎಂದು ಕೇಳಿದರೆ ಉತ್ತರ ಒಂದೇ. ದಿಂಬಂ ಘಟ್ಟದ 27 ತಿರುವು ಇಳಿದು, ಕೆಳಗಿನ ಇಂಗ್ಲಿಷ್ ಶಾಲೆಯ ಹಾಸ್ಟೆಲಿಗೆ ಸೇರಿಸಿದರೆ ಮಗ ನಾಳೆ ಡಾಕ್ಟರೋ ಇಂಜಿನಿಯರೋ ಆಗುತ್ತಾನೆ. ಮಗುವನ್ನು ಎಲ್ಲಿ ಓದಿಸಬೇಕೆಂಬುದು ಹೆತ್ತವರ ಹಕ್ಕು. ಆದ್ದರಿಂದ ನಾವು ಟೀಸಿ ಬರೆದುಕೊಡುತ್ತೇವೆ. ಆದರೆ ಈ ನಂಬಿಕೆ ಎಷ್ಟು ನಿಜ? ಇದಕ್ಕೂ ಒಂದು ಚರಿತ್ರೆ ಇದೆ. ಬನ್ನಿ, ಸ್ವಲ್ಪ ಹಿಂದಕ್ಕೆ ಹೋಗೋಣ.

1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯ ಸೇರಿತು. ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಅಂದಿನಿಂದ ನಮ್ಮಲ್ಲಿ ಓದಿದ ಮಕ್ಕಳಿಗೆ ಕಾಲೇಜಿನ ಬಾಗಿಲು ತೆರೆಯುವುದೂ ಮುಚ್ಚುವುದೂ ಹೆಚ್ಚಾಗಿ ಇಲ್ಲಿಯ ಸರ್ಕಾರದ ನಿಯಮದಂತೆ. 1978ರಲ್ಲಿ ಪ್ಲಸ್ ಟು ಪದ್ಧತಿ ಬಂತು. 1984ರಲ್ಲಿ ವೈದ್ಯಕೀಯ, ಇಂಜಿನಿಯರಿಂಗ್ ಸೀಟಿಗೆ ಪ್ರವೇಶ ಪರೀಕ್ಷೆ ಶುರುವಾಯಿತು. ಪ್ಲಸ್ ಟು ಅಂಕಕ್ಕೆ 200, ಪ್ರವೇಶ ಪರೀಕ್ಷೆಗೆ 100, ಒಟ್ಟು 300ಕ್ಕೆ ಲೆಕ್ಕ. ಪಟ್ಟಣದಲ್ಲಿ ತರಬೇತಿ ಪಡೆಯಬಲ್ಲವರಿಗೆ ಇದು ಅನುಕೂಲವಾಯಿತು. ಹಳ್ಳಿ ಮಕ್ಕಳು ಹಿಂದುಳಿದರು. ಆ ಕಾರಣ ಹೇಳಿಯೇ ಸರ್ಕಾರ 2006ರಲ್ಲಿ ಕಾಯಿದೆ ಮಾಡಿ ಪ್ರವೇಶ ಪರೀಕ್ಷೆಯನ್ನು ಕೈಬಿಟ್ಟಿತು. 2007ರಿಂದ ಪ್ಲಸ್ ಟು ಅಂಕವೊಂದೇ ಮಾನದಂಡ.

ಹಳ್ಳಿ ಶಾಲೆಗಳಿಗೆ ಇನ್ನು ಒಳ್ಳೆಯ ಕಾಲ ಎಂದುಕೊಂಡರೆ ಆದದ್ದು ಬೇರೆ. ನಾಮಕ್ಕಲ್ ಸುತ್ತಿನ ಖಾಸಗಿ ವಸತಿ ಶಾಲೆಗಳು ಇಡೀ ರಾಜ್ಯದಲ್ಲಿ ಹೆಸರು ಮಾಡಿದವು. ಅಲ್ಲಿಯ ಪಠ್ಯವೂ ಪರೀಕ್ಷೆಯೂ ಸರ್ಕಾರಿ ಶಾಲೆಯವೇ. ವ್ಯತ್ಯಾಸವಿದ್ದದ್ದು ಓದಿಸುವ ಕ್ರಮದಲ್ಲಿ. 11ನೆಯ ತರಗತಿಗೆ ಪಬ್ಲಿಕ್ ಪರೀಕ್ಷೆ ಇರಲಿಲ್ಲವಾದ್ದರಿಂದ ಇಂಥ ಅನೇಕ ಶಾಲೆಗಳು ಆ ಪುಸ್ತಕವನ್ನು ಮುಟ್ಟದೆ ಎರಡು ವರ್ಷವೂ 12ನೆಯದನ್ನೇ ಅರೆದು ಕುಡಿಸಿದವು. 200ಕ್ಕೆ 200 ಕಟ್-ಆಫ್ ತೆಗೆದವರ ಫೋಟೋಗಳು ಪತ್ರಿಕೆಯ ಪುಟ ತುಂಬ ಬಂದವು. ನಮ್ಮ ಪಾಲಕರ ನಂಬಿಕೆ ಹುಟ್ಟಿದ್ದು ಆ ಫೋಟೋಗಳಿಂದಲೇ. ಆ ಕಾಲಕ್ಕೆ ಅದು ಸುಳ್ಳೂ ಆಗಿರಲಿಲ್ಲ. ದುಡ್ಡು ಹಾಕಿದವರಿಗೆ ಅಂಕ ಬಂತು, ಅಂಕಕ್ಕೆ ಸೀಟು ಬಂತು.

2017ರಲ್ಲಿ ಆಟದ ನಿಯಮವೇ ಬದಲಾಯಿತು. ವೈದ್ಯಕೀಯಕ್ಕೆ ನೀಟ್ ಕಡ್ಡಾಯವಾಯಿತು. ಅದೇ ವರ್ಷ ರಾಜ್ಯದಲ್ಲಿ ರ‍್ಯಾಂಕ್ ಘೋಷಣೆ ನಿಂತಿತು; 2018ರ ಮಾರ್ಚಿನಲ್ಲಿ 11ನೆಯ ತರಗತಿಗೂ ಪಬ್ಲಿಕ್ ಪರೀಕ್ಷೆ ನಡೆಯಿತು. ಪ್ಲಸ್ ಟು ಉರು ಹೊಡೆಸುವ ಶಾಲೆಯ ಬೆಲೆ ವೈದ್ಯಕೀಯದ ಮಟ್ಟಿಗೆ ಇಳಿಯಿತು, ತರಬೇತಿ ಕೇಂದ್ರದ ಬೆಲೆ ಏರಿತು. ನ್ಯಾಯಮೂರ್ತಿ ಎ. ಕೆ. ರಾಜನ್ ಸಮಿತಿಯ 2021ರ ವರದಿ ನೋಡಿ. 2016-17ರಲ್ಲಿ ವೈದ್ಯಕೀಯ ಸೀಟು ಪಡೆದವರಲ್ಲಿ ಹಿಂದಿನ ವರ್ಷಗಳಲ್ಲಿ ಪ್ಲಸ್ ಟು ಮುಗಿಸಿದವರು 12.47%, 2020-21ರಲ್ಲಿ 71.42%. ಅಂದರೆ ಶಾಲೆ ಮುಗಿದ ಮೇಲೆ ಒಂದೆರಡು ವರ್ಷ ಮನೆಯಲ್ಲಿ ಕೂರಿಸಿ ತರಬೇತಿ ಕೊಡಿಸಬಲ್ಲವರಿಗೆ ಸೀಟು. 2014-15ರಲ್ಲಿ 14.88% ಇದ್ದ ತಮಿಳು ಮಾಧ್ಯಮದವರ ಪಾಲು 2020-21ಕ್ಕೆ 1.99%ಕ್ಕೆ ಕುಸಿಯಿತು. ತಮಿಳಿಗೇ ಈ ಗತಿಯಾದರೆ ಕನ್ನಡ ಮಾಧ್ಯಮದ ನಮ್ಮ ಪಾಡೇನು? ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇದೆ. ಆದರೆ ಕನ್ನಡ ಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಬೇಕಾದರೆ ನಮ್ಮ ಮಗು ಗಡಿ ದಾಟಿ ಹೋಗಿ ಬರೆಯಬೇಕು.

ಸರ್ಕಾರವೇ ಕೊಟ್ಟ ಲೆಕ್ಕದಂತೆ 2019-20ರಲ್ಲಿ ಇಡೀ ತಮಿಳುನಾಡಿನ ಸರ್ಕಾರಿ ಶಾಲೆಗಳಿಂದ ಎಂಬಿಬಿಎಸ್ ಸೇರಿದವರು 6 ಮಂದಿ. ಈ ಅನ್ಯಾಯ ಸರಿಪಡಿಸಲು 2020ರಲ್ಲಿ ಕಾಯಿದೆ ಬಂತು. ನೀಟ್ ಅರ್ಹತೆ ಪಡೆದ ಸರ್ಕಾರಿ ಶಾಲೆಯ ಮಕ್ಕಳಿಗೆ 7.5% ಸೀಟು. ಮೊದಲ ವರ್ಷವೇ ವೈದ್ಯಕೀಯ, ದಂತವೈದ್ಯಕೀಯ ಎರಡೂ ಸೇರಿ ಸುಮಾರು 400 ಸೀಟು ದೊರೆತವು. ಅವರ ಶುಲ್ಕವನ್ನೂ ಸರ್ಕಾರವೇ ಭರಿಸುತ್ತದೆ. 2021ರಲ್ಲಿ ಇಂಜಿನಿಯರಿಂಗ್, ಕೃಷಿ, ಕಾನೂನು ಮುಂತಾದ ಕೋರ್ಸುಗಳಿಗೂ ಇದೇ ಮೀಸಲು ಬಂತು. 2022ರಲ್ಲಿ ಮದರಾಸು ಹೈಕೋರ್ಟು ವೈದ್ಯಕೀಯ ಮೀಸಲನ್ನು ಎತ್ತಿಹಿಡಿಯಿತು.

ಇಲ್ಲಿ ಗಮನಿಸಬೇಕಾದ ಒಂದು ಶರತ್ತಿದೆ. ಮಗು 6ರಿಂದ 12ನೆಯ ತರಗತಿಯವರೆಗೂ ಸರ್ಕಾರಿ ಶಾಲೆಯಲ್ಲೇ ಓದಿರಬೇಕು. ಶಿಕ್ಷಣ ಹಕ್ಕು ಕಾಯಿದೆಯಡಿ 8ರವರೆಗೆ ಖಾಸಗಿಯಲ್ಲಿ ಓದಿ ಮುಂದೆ ಸರ್ಕಾರಿ ಶಾಲೆ ಸೇರಿದವರಿಗಷ್ಟೇ ವಿನಾಯಿತಿ. ಅನುದಾನಿತ ಶಾಲೆಯವರಿಗೂ ಈ ಮೀಸಲು ಇಲ್ಲ.

ನಮ್ಮಲ್ಲಿ ಒಬ್ಬ ಹುಡುಗ ಆರನೆಯ ತರಗತಿಗೆ ಘಟ್ಟ ಇಳಿದು ಹೋದ. ಫೀಸು ಕಟ್ಟಲಾಗದೆ ಒಂಬತ್ತಕ್ಕೆ ಮರಳಿ ಬಂದ. ಬುದ್ಧಿವಂತ, ಒಳ್ಳೆಯ ಅಂಕವೂ ಬಂತು. ಅರ್ಜಿ ತುಂಬುವಾಗ ಹಿಂದಿನ ಮೂರು ವರ್ಷ ಅಡ್ಡ ನಿಂತವು. "ಸಾರ್, ಆವತ್ತು ನೀವ್ಯಾಕೆ ಹೇಳಲಿಲ್ಲ?" ಎಂದು ಅವನಪ್ಪ ಕೇಳಿದರು. ಅವನು ಹೋದ ಜೂನ್‌ನಲ್ಲಿ ಕಾಯಿದೆ ಇನ್ನೂ ಬಂದಿರಲಿಲ್ಲ. ಇಂಥ ಶರತ್ತು ಬರುತ್ತದೆಂದು ನಮಗೂ ಗೊತ್ತಿರಲಿಲ್ಲ. ಆ ಪ್ರಶ್ನೆಗೆ ಇವತ್ತಿಗೂ ನಮ್ಮಲ್ಲಿ ಉತ್ತರವಿಲ್ಲ.

ಹಾಗೆಂದು ಖಾಸಗಿ ಶಾಲೆಯಿಂದ ಏನೂ ಲಾಭವಿಲ್ಲ ಎಂದು ನಾವು ಹೇಳುವುದಿಲ್ಲ. ಇಂಜಿನಿಯರಿಂಗಿಗೆ ಇಂದಿಗೂ ಪ್ಲಸ್ ಟು ಅಂಕವೇ ಆಧಾರ. ಗಣಿತಕ್ಕೆ 100, ಭೌತ, ರಸಾಯನಕ್ಕೆ ತಲಾ 50. ಅಲ್ಲಿ ಕಟ್ಟುನಿಟ್ಟಾಗಿ ಓದಿಸುವ ಶಾಲೆಯಿಂದ ಪ್ರಯೋಜನ ಇದ್ದೇ ಇದೆ. ಕನ್ನಡದಲ್ಲಿ ಓದಿದ ಮಗು ಕಾಲೇಜಿನ ಇಂಗ್ಲಿಷಿನ ಮುಂದೆ ಮೊದಲ ವರ್ಷ ತಡವರಿಸುವುದೂ ನಿಜ. ಅದನ್ನು ಸರಿಪಡಿಸುವುದು ನಮ್ಮ ಕೆಲಸ; ಎಂಟನೆಯ ತರಗತಿಯಿಂದಲೇ ವಿಜ್ಞಾನದ ಪದಗಳನ್ನು ಎರಡೂ ಭಾಷೆಯಲ್ಲಿ ಕಲಿಸಿದರೆ ಅರ್ಧ ಭಯ ಹೋಗುತ್ತದೆ.

ಈ ನಲವತ್ತು ವರ್ಷಗಳ ಕಥೆಯಿಂದ ನಮಗೆ ತಿಳಿಯುವುದಿಷ್ಟು. ಖಾಸಗಿ ಶಾಲೆಗೆ ಕೊಟ್ಟ ಹಣ ಫಲ ಕೊಡುತ್ತದೋ ಇಲ್ಲವೋ ಎಂಬುದು ಶಾಲೆಯ ಕಟ್ಟಡದಿಂದ ತೀರ್ಮಾನವಾಗುವುದಿಲ್ಲ; ಆಯಾ ಕಾಲದ ಪ್ರವೇಶ ನಿಯಮದಿಂದ ತೀರ್ಮಾನವಾಗುತ್ತದೆ. ಆರನೇ ತರಗತಿಗೆ ಸೇರಿಸುವ ದಿನ ಏಳು ವರ್ಷ ಮುಂದಿನದನ್ನು ನೋಡಬೇಕು. ಪಾಲಕರೇ, ಟೀಸಿ ಕೇಳಲು ಬಂದಾಗ ಅರ್ಧ ಗಂಟೆ ಕೂತು ಮಾತಾಡಿ. ಮೇಷ್ಟ್ರುಗಳೇ, ಬರೆಯುವ ಮೊದಲು 7.5%ರ ವಿಷಯ ಹೇಳಿ. ಆಮೇಲೂ ಬೇಕೆಂದರೆ ಸಂತೋಷದಿಂದ ಬರೆದುಕೊಡೋಣ.